ಯಲಿಯೂರಿನ ದಾರಿಯೂ ಜೋಡೆತ್ತಿನ ಓಟವೂ

ಮಂಡ್ಯದಿಂದ ಮೈಸೂರಿನ ಕಡೆಗೆ ರೈಲಿನಲ್ಲಿ ಹೊರಟರೆ ಮೊದಲು ದೊರೆಯುವ ಸಣ್ಣ ನಿಲ್ದಾಣಕ್ಕೆ ಯಲಿಯೂರು ಎಂದು ಹೆಸರು. ಶ್ರೀರಂಗಪಟ್ಟಣಕ್ಕೆ ಹೋಗುವ ಯಾತ್ರಿಕರು ಈ ಊರಿನ ಹೆಸರನ್ನು ಕಿಟಕಿಯಿಂದ ಓದಿ ಮುಂದಕ್ಕೆ ಸಾಗುವುದು ವಾಡಿಕೆ. ಆದರೆ ನಾಡಿನ ಬಾಳು ಹೇಗೆ ಮಾರ್ಪಡುತ್ತಿರುವುದೆಂಬುದನ್ನು ಕಣ್ಣಾರೆ ಕಾಣಬೇಕೆನ್ನುವ ಗೃಹಸ್ಥರು ಇಂತಹ ಊರುಗಳಲ್ಲಿಯೇ ಇಳಿದು ನಡೆಯತಕ್ಕದ್ದು.

ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬರುವುದಕ್ಕೆ ಮೊದಲು ಈ ಸೀಮೆ ಬಹುಮಟ್ಟಿಗೆ ರಾಗಿ ಹುರುಳಿಗಳ ನೆಲವಾಗಿದ್ದಿತು. 1930ರ ದಶಕದಲ್ಲಿ ನಾಲೆಯ ನೀರು ಬಂದಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಕಬ್ಬು ಬತ್ತಗಳು ಹಬ್ಬಿದವು. ಆ ಕಬ್ಬನ್ನು ಗದ್ದೆಯಿಂದ ಕಾರ್ಖಾನೆಗೆ ಎಳೆದು ತಂದುದು ಎತ್ತಿನ ಹೆಗಲು. ಇಂದು ಊರಿಗೆ ಸಮೀಪದಲ್ಲಿಯೇ ಬೆಂಗಳೂರು ಮೈಸೂರುಗಳ ಹೊಸ ಹೆದ್ದಾರಿ ಹಾದುಹೋಗಿರುವುದು. 2023ರ ಮಾರ್ಚಿ ತಿಂಗಳಲ್ಲಿ ಅದರ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಬೈಸಿಕಲ್ಲು, ಎತ್ತಿನ ಗಾಡಿ ಮೊದಲಾದ ಯಂತ್ರವಿಲ್ಲದ ವಾಹನಗಳಿಗೂ, ದ್ವಿಚಕ್ರ ತ್ರಿಚಕ್ರಗಳಿಗೂ, ಟ್ರ್ಯಾಕ್ಟರುಗಳಿಗೂ ಅದರ ಮುಖ್ಯ ಮಾರ್ಗದಲ್ಲಿ ಪ್ರವೇಶವಿಲ್ಲ. ಎತ್ತು ನಡೆದು ನಡೆದು ಸಮೆಸಿದ ದಾರಿಯ ಮಗ್ಗುಲಲ್ಲಿಯೇ ಎತ್ತು ಕಾಲಿಡಬಾರದ ದಾರಿಯೊಂದು ಹುಟ್ಟಿತು. ಇದನ್ನು ಅನ್ಯಾಯವೆನ್ನಲಾಗದು, ವೇಗವು ಬೇರೆಯಾದಾಗ ದಾರಿಯೂ ಬೇರೆಯಾಗಬೇಕಾಗುವುದು.

ಹಾಗಾದರೆ ಎತ್ತಿಗೆ ಉಳಿದ ದಾರಿ ಯಾವುದು? ಉಳುಮೆಯನ್ನು ಟ್ರ್ಯಾಕ್ಟರು ಕೈಕೊಂಡಿತು. ಹೊರೆಯನ್ನು ಲಾರಿಯು ಹೊತ್ತಿತು. ಆದರೂ ಈ ಭಾಗದ ಕೊಟ್ಟಿಗೆಗಳಲ್ಲಿ ಹಳ್ಳಿಕಾರ್ ಜೋಡಿಗಳು ಕಾಣಬರುವುವು. ಬೂದುಬಣ್ಣದ ಮೈ, ನೆತ್ತಿಯಲ್ಲಿ ಒಂದಕ್ಕೊಂದು ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮೊನೆಯಾಗುವ ಕೊಂಬು, ಸಣ್ಣನೆಯ ಗಟ್ಟಿಯಾದ ಕಾಲು, ಚುರುಕಾದ ಕಣ್ಣು ಇವು ಆ ತಳಿಯ ಲಕ್ಷಣಗಳು. ಗದ್ದೆಯ ಬದಿಯಲ್ಲಿ ಜೋಡಿಯೊಂದಕ್ಕೆ ಮೈತೊಳೆಯುತ್ತಿದ್ದ ವೃದ್ಧ ರೈತನೊಬ್ಬನನ್ನು, “ಇವುಗಳಿಂದ ಈಗ ಏನು ಕೆಲಸ?” ಎಂದು ನಾನು ವಿಚಾರಿಸಿದೆನು. “ಉಳಾಕೆ ಟ್ರ್ಯಾಕ್ಟ್ರು ಐತೆ ಮೇಷ್ಟ್ರೇ, ಇವು ಓಟಕ್ಕೆ, ಮನೆ ಮರ್ವಾದೆಗೆ” ಎಂದು ಉತ್ತರ ಬಂದಿತು. ಈ ಪ್ರಬಂಧದ ವಿಷಯವೆಲ್ಲವೂ ಆ ಎರಡು ಮಾತುಗಳಲ್ಲಿ ಅಡಗಿರುವುದು.

ಎತ್ತಿನ ಓಟವು ನಿನ್ನೆ ಮೊನ್ನೆಯದಲ್ಲ. ಋಗ್ವೇದದ 10ನೆಯ ಮಂಡಲದ 102ನೆಯ ಸೂಕ್ತದಲ್ಲಿ ಮುದ್ಗಲನ ವೃಷಭವು ಸ್ಪರ್ಧೆಯಲ್ಲಿ ಓಡುವುದೂ, ಅವನ ಪತ್ನಿಯಾದ ಮುದ್ಗಲಾನಿಯು ಸಾರಥ್ಯವನ್ನು ವಹಿಸಿ ಗೋವುಗಳನ್ನು ಗೆಲ್ಲುವುದೂ ಬಂದಿದೆ. ನಾವು ಮುಖಂಡರನ್ನು ಧುರೀಣರೆಂದು ಕರೆಯುವೆವಷ್ಟೆ. ‘ಧುರ್’ ಎಂದರೆ ನೊಗ. ಅದನ್ನು ಹೊರಲು ಸಮರ್ಥವಾದ ಎತ್ತಿಗೇ ಆ ಪದವು ಮೊದಲು ಸಲ್ಲುವುದು. ನಮ್ಮ ನಾಡಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂಬ ಹೆಸರನ್ನು ಪಡೆಯಿತು. ಅಲ್ಲಿ ಸಾಕಿದ ಎತ್ತುಗಳ ಬಲದಿಂದ ಹೈದರಾಲಿಯು ಎರಡೂವರೆ ದಿವಸಗಳಲ್ಲಿ 100 ಮೈಲಿ ನಡೆದನೆಂದು ಇತಿಹಾಸಕಾರರು ಬರೆದಿರುವರು. ಆ ಅಮೃತಮಹಲ್ ತಳಿಗೆ ಮೂಲವು ಹಳ್ಳಿಕಾರ್ ವಂಶವೇ. 2000ದಲ್ಲಿ ಅಂಚೆಯ ಇಲಾಖೆಯವರು ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು.

ಮಂಡ್ಯದ ಕಡೆಯ ಓಟದ ಕ್ರಮವು ಸರಳವಾದುದು. ಹಗುರವಾದ ಗಾಡಿ, ಹೊಂದಿಕೆಯಾದ ಜೋಡಿ, ನೇರವಾದ ಮಣ್ಣಿನ ದಾರಿ. ಗಾಡಿಗಳನ್ನು ಮಗ್ಗುಲು ಮಗ್ಗುಲಾಗಿ ಬಿಡುವರು. ಉಸಿರು ಹಿಡಿದು ನೋಡುತ್ತಿರುವಷ್ಟರಲ್ಲಿ ಗೆದ್ದವರು ಯಾರೆಂಬುದು ತೀರ್ಮಾನವಾಗಿ ಹೋಗುವುದು. ಆ ಕ್ಷಣಕ್ಕಾಗಿ ಮನೆಯವರೆಲ್ಲರೂ ತಿಂಗಳುಗಟ್ಟಲೆ ದುಡಿದಿರುವರು. ಹುರುಳಿ ಬೇಯಿಸುವವರು ಒಬ್ಬರು, ಹಿಂಡಿ ನೆನೆಸುವವರು ಒಬ್ಬರು, ಲಾಳ ನೋಡುವವರು ಒಬ್ಬರು, ಕೀಲಿಗೆ ಎಣ್ಣೆ ಹಾಕುವವರು ಇನ್ನೊಬ್ಬರು. ಗಾಡಿಯ ಮೇಲೆ ನಿಂತವನೊಬ್ಬನೇ ಜನರ ಕಣ್ಣಿಗೆ ಬೀಳುವನು.

ವಾಚಕರಿಗೆ ಆಶ್ಚರ್ಯವೆನಿಸಬಹುದು: ಇದೇ ಬಗೆಯ ಓಟ, ನೇರವಾದ ಗಿಡ್ಡ ದಾರಿಯಲ್ಲಿ ಇಬ್ಬರ ಪಂದ್ಯ, ಭೂಮಿಯ ಆಚೆಯ ಮಗ್ಗುಲಿನಲ್ಲಿ ಯಂತ್ರಗಳಿಂದ ನಡೆಯಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಯುವಕರು ಹಳೆಯ ಮೋಟಾರುಗಳ ಭಾಗಗಳನ್ನು ಜೋಡಿಸಿ ಬೀದಿಗಳಲ್ಲಿ ಪಂದ್ಯ ಕಟ್ಟಿ ಓಡಿಸುತ್ತಿದ್ದರು. ಪ್ರಾಣಹಾನಿಗೆ ಹೆದರಿದ ವಿವೇಕಿಗಳು ಅವರನ್ನು ವಿಮಾನಗಳ ಹಾಸುಗಳಿಗೆ ಕರೆದೊಯ್ದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ಅಂತಹ ಓಟಗಳು ಕ್ರಮವಾಗಿ ನಡೆಯತೊಡಗಿದವು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬ ಪತ್ರಿಕಾ ಸಂಪಾದಕರು ಈ ಆಟಕ್ಕೆ ಕಟ್ಟಳೆಗಳನ್ನು ಏರ್ಪಡಿಸುವ ಸಂಘವನ್ನು ಸ್ಥಾಪಿಸಿದರು. ಕಾಲು ಮೈಲಿ, ಎಂದರೆ ಸುಮಾರು 402 ಮೀಟರು, ಓಟದ ಅಳತೆಯಾಯಿತು. ಇದಕ್ಕೆ ಡ್ರ್ಯಾಗ್ ರೇಸ್ ಎಂದೂ, ಆ ವಾಹನಕ್ಕೆ ಡ್ರ್ಯಾಗ್‌ಸ್ಟರ್ ಎಂದೂ ಹೆಸರು.

ಅವುಗಳಲ್ಲಿ ಕೆಲವಕ್ಕೆ ಪೆಟ್ರೋಲಿಗೆ ಬದಲಾಗಿ ನೈಟ್ರೋಮೀಥೇನ್ ಎಂಬ ದ್ರವವನ್ನು ಸುರಿಯುವರು. ಒಂದು ಕಿಲೋಗ್ರಾಂ ಪೆಟ್ರೋಲು ಉರಿಯಬೇಕಾದರೆ ಸುಮಾರು 14.7 ಕಿಲೋಗ್ರಾಂ ಗಾಳಿಯು ಬೇಕು; ಈ ದ್ರವವು ತನ್ನೊಳಗೇ ಆಮ್ಲಜನಕವನ್ನು ಹೊತ್ತಿರುವುದರಿಂದ ಇದಕ್ಕೆ 1.7 ಕಿಲೋಗ್ರಾಂ ಗಾಳಿಯೇ ಸಾಕು. ಆದಕಾರಣ ಅದೇ ಉಸಿರಿನಲ್ಲಿ ಯಂತ್ರವು ಹಲವು ಪಟ್ಟು ಹೆಚ್ಚು ಇಂಧನವನ್ನು ನುಂಗಿ ಎರಡು ಪಟ್ಟಿಗೂ ಮಿಕ್ಕ ಶಕ್ತಿಯನ್ನು ಕೊಡುವುದು, ತಪ್ಪಿದರೆ ಸಿಡಿದುಹೋಗುವುದು.

ಈ ಇಂಧನವನ್ನು ಆದಿಯಲ್ಲಿಯೇ ಬಳಸಿದವರಲ್ಲಿ ಸ್ಯಾನ್ ಡಿಯೇಗೋ ನಗರದ ತಂಡವೊಂದಿತ್ತು. ಅದರ ಮುಖಂಡ ಹೋಕೀನ್ ಆರ್ನೆಟ್ ಎಂಬ ಮೆಕ್ಸಿಕನ್ ಮೂಲದ ಕುಶಲಕರ್ಮಿ. ಬೇರೆಬೇರೆ ವರ್ಣಗಳ, ಬೇರೆಬೇರೆ ಮೂಲಗಳ ಹುಡುಗರು ಅದರಲ್ಲಿ ಕೂಡಿದ್ದರು. ಮೆಕ್ಸಿಕೋ ಮೂಲದವರನ್ನು ಅವರು ತಿನ್ನುವ ಕಾಳಿನ ಹೆಸರು ಹಿಡಿದು ಹೀಯಾಳಿಸುವುದು ಆ ದೇಶದಲ್ಲಿ ನಡೆದಿದ್ದಿತು. ಇವರು ಆ ಹೀಯಾಳಿಕೆಯನ್ನೇ ಬಿರುದನ್ನಾಗಿ ಮಾಡಿಕೊಂಡು ‘ಬೀನ್ ಬ್ಯಾಂಡಿಟ್ಸ್’, ಎಂದರೆ ಕಾಳಿನ ದರೋಡೆಗಾರರು, ಎಂದು ಕರೆದುಕೊಂಡರು. 1953ರಲ್ಲಿ ಪೊಮೋನಾದಲ್ಲಿ ನಡೆದ ಸಂಘದ ಮೊದಲ ಪಂದ್ಯದಲ್ಲಿ ಗೆಲುವು ಇವರದಾಯಿತು. ಹುರುಳಿಯನ್ನು ಬೇಯಿಸಿ ಜೋಡಿಯನ್ನು ಸಾಕುವ ನಮ್ಮ ರೈತನಿಗೆ ಈ ಕಥೆಯನ್ನು ಹೇಳಿದರೆ ಅವನು ಅವರನ್ನು ನೆಂಟರೆಂದೇ ಬಗೆದಾನು. ಇಲ್ಲಿಯೂ ಅಲ್ಲಿಯೂ ಓಟವೆಂಬುದು ಸಿರಿವಂತನಲ್ಲದವನ ಮರ್ಯಾದೆಯ ಪ್ರಶ್ನೆ.

ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲತಕ್ಕದ್ದು. 1957ರಲ್ಲಿ ಆ ಸಂಘವು ಅಪಾಯಕರವೆಂದು ನೈಟ್ರೋಮೀಥೇನನ್ನು ತನ್ನ ಪಂದ್ಯಗಳಿಂದ ಹೊರಗಿಟ್ಟು, 1963ರ ವೇಳೆಗೆ ಮತ್ತೆ ಒಳಕ್ಕೆ ಬಿಟ್ಟುಕೊಂಡಿತು. 1970ರಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಪ್ರಸಿದ್ಧ ಸಾರಥಿಯ ವಾಹನದಲ್ಲಿ ಗೇರಿನ ಭಾಗವು ಸಿಡಿದು ಆತನ ಬಲಪಾದದ ಒಂದಂಶವು ಹೋಯಿತು. ಆತನು ಆಸ್ಪತ್ರೆಯಲ್ಲಿ ಚಿಂತಿಸಿ, ಎಂಜಿನನ್ನು ತನ್ನ ಬೆನ್ನ ಹಿಂದಕ್ಕೆ ಬರಿಸಿ ಹೊಸ ವಾಹನವನ್ನು ಕಟ್ಟಿ 1971ರಲ್ಲಿ ಅದರಿಂದ ಗೆದ್ದನು. ಉಳಿದವರೂ ಅವನನ್ನು ಅನುಸರಿಸಿದರು. ಅಲ್ಲಿ ನೊಂದವನೇ ಆಡುವವನು. ಆದುದರಿಂದ ನೋವು ತಾನಾಗಿ ಕಟ್ಟಳೆಯಾಯಿತು. ನಮ್ಮ ಓಟದಲ್ಲಿ ನೋಯುವುದು ಎತ್ತು. ಕಟ್ಟಳೆಯನ್ನು ಮಾಡುವವನು ಮನುಷ್ಯ. ಎತ್ತು ಪಂದ್ಯಕ್ಕೆ ಒಪ್ಪಿ ಬಂದುದಲ್ಲ, ಬಾಯಿಬಿಟ್ಟು ದೂರುವುದೂ ಇಲ್ಲ.

ಇದೇ ಕಾರಣದಿಂದ 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು, 1960ರ ಪ್ರಾಣಿಹಿಂಸಾ ನಿವಾರಣೆಯ ಶಾಸನವನ್ನು ಆಧರಿಸಿ, ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. ಕರ್ನಾಟಕದ ಶಾಸನಸಭೆಯು 2017ರಲ್ಲಿ ತಿದ್ದುಪಡಿಯನ್ನು ಮಾಡಿ ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶವನ್ನು ಕಲ್ಪಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವು ದೊರೆಯಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಓಟವು ನಿಂತರೆ ಹಳ್ಳಿಕಾರ್ ಹೋರಿಗಳನ್ನು ಸಾಕುವ ಆಸೆಯೂ ಕುಂದುವುದೆಂದು ರೈತರು ಹೇಳುವುದರಲ್ಲಿ ಸತ್ಯಾಂಶವುಂಟು. ಕೆಲಸವಿಲ್ಲದ ಪ್ರಾಣಿಯನ್ನು ಕೇವಲ ಕರುಣೆಯಿಂದ ತಲೆಮಾರುಗಟ್ಟಲೆ ಸಾಕುವ ಶಕ್ತಿಯು ಬಡ ಮನೆಗೆ ಎಲ್ಲಿಂದ ಬರಬೇಕು? ಆದರೆ ಮೊಳೆಯ ಕೋಲಿನಿಂದ ಚುಚ್ಚಿ, ಬಾಲವನ್ನು ತಿರುಚಿ, ಮಾದಕ ವಸ್ತುಗಳನ್ನು ಕುಡಿಸಿ ಓಡಿಸುವುದಾದರೆ, ಅಂತಹ ಓಟದಿಂದ ತಳಿಯು ಉಳಿದರೂ ರೈತನ ಮನೆಯ ಮರ್ಯಾದೆಯು ಉಳಿಯದು. ನ್ಯಾಯಾಲಯವು ಅನುಮತಿಯನ್ನು ಕೊಡಬಲ್ಲುದು. ಬಾರುಕೋಲನ್ನು ಹಿಡಿದ ಕೈಗೆ ಅಂಕೆಯನ್ನು ಹಾಕಬೇಕಾದವರು ಓಟದ ದಾರಿಯಲ್ಲಿಯೇ ನಿಂತಿರುವ ಊರಿನ ಹಿರಿಯರು. ಬಿಡುವ ಮೊದಲು ಪಶುವೈದ್ಯರು ಜೋಡಿಗಳನ್ನು ನೋಡಲಿ. ಉರಿಬಿಸಿಲಿನಲ್ಲಿ ಓಟವು ಬೇಡ. ಎತ್ತಿನ ಮೈಯಲ್ಲಿ ರಕ್ತವನ್ನು ಕಂಡರೆ ಗೆದ್ದ ಗಾಡಿಯನ್ನೂ ಸೋತಿತೆಂದು ಸಾರಲಿ. ಇಷ್ಟಕ್ಕೆ ಹಣ ಬೇಕಾಗಿಲ್ಲ, ಮನಸ್ಸು ಸಾಕು.

ಯಲಿಯೂರಿನ ಕಡೆಗೋ ಮಂಡ್ಯದ ಬೇರೆ ಊರುಗಳಿಗೋ ಓಟವನ್ನು ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಗೆದ್ದ ಜೋಡಿಯನ್ನು ತೋರಿಸುವಾಗ ಬಹುಮಾನವನ್ನು ತೋರಿಸುವುದಕ್ಕೆ ಮೊದಲು ಆ ಎತ್ತುಗಳ ಬೆನ್ನನ್ನೂ ಬಾಲದ ಬುಡವನ್ನೂ ಮಕ್ಕಳಿಗೆ ತೋರಿಸಿರಿ. ಅಲ್ಲಿ ಗಾಯವಿಲ್ಲದಿದ್ದರೆ ಮಾತ್ರ ಚಪ್ಪಾಳೆಯನ್ನು ತಟ್ಟಲು ಹೇಳಿರಿ.