ಒಂದೇ ಮಾಡು, ನಾಲ್ಕು ಬಣ್ಣ

ಮಂಗಳೂರು ಹಂಚಿನ ಬಣ್ಣ ಯಾವುದು ಎಂದು ಕೇಳಿದರೆ ನೀವೇನು ಹೇಳುತ್ತೀರಿ? ಕೆಂಪು ಎನ್ನುತ್ತೀರಿ. ಆ ಹಂಚಿನ ಮಾಡಿನ ಕೆಳಗೇ ಹುಟ್ಟಿ ಬೆಳೆದ ನಾನೂ ನಲವತ್ತನಾಲ್ಕು ವರ್ಷ ಹಾಗೆಯೇ ಹೇಳುತ್ತಿದ್ದೆ. ಒಂದು ವರ್ಷ ಕುಂಚ ಹಿಡಿದು ಅದರ ಎದುರು ಕುಳಿತ ಮೇಲೆಯೇ ನನ್ನ ತಪ್ಪು ನನಗೆ ತಿಳಿದದ್ದು.

ನನ್ನ ತವರುಮನೆ ಜೆಪ್ಪುವಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಲ್ಲಿ ಒಬ್ಬಳೇ. ಮಳೆಗಾಲದಲ್ಲಿ ಮಾಡು ಸೋರುತ್ತದೆ, ಹಂಚು ಸರಿಮಾಡಲು ಜನ ಸಿಗುವುದಿಲ್ಲ. ಬಿಸು ಹಬ್ಬಕ್ಕೆ ಹೋಗಿದ್ದಾಗ ಅಣ್ಣ ಮಾತು ತೆಗೆದ: "ಸಂಕ್ರಾಂತಿ ಕಳೆದ ಮೇಲೆ ಮನೆ ಕೊಟ್ಟುಬಿಡುವ. ಅಮ್ಮ ನಮ್ಮ ಫ್ಲ್ಯಾಟಿಗೆ ಬರಲಿ." ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಹೂಂ ಎಂದೆ. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ ನೋಡಿ!

"ಫೋನಿನಲ್ಲಿ ಫೋಟೋ ತೆಗೆದಿಡಮ್ಮ" ಎಂದಳು ಮಗಳು. ತೆಗೆದೆ. ಎರಡು ದಿನ ನೋಡಿದೆ, ಆಮೇಲೆ ಅದು ಮದುವೆ ಮುಂಜಿಗಳ ನೂರಾರು ಫೋಟೋಗಳ ನಡುವೆ ಎಲ್ಲೋ ಸೇರಿಹೋಯಿತು. ಆಗ ಹೈಸ್ಕೂಲಿನ ಡ್ರಾಯಿಂಗ್ ಪೀರಿಯಡ್ ನೆನಪಾಯಿತು. ಮನೆ ಇರುವಷ್ಟು ದಿನ, ಒಂದೊಂದು ಕಾಲಕ್ಕೆ ಒಂದೊಂದು ಚಿತ್ರ ಬರೆಯುತ್ತೇನೆ ಎಂದೆ. ನಮ್ಮವರು ನಕ್ಕರು. ಆದರೂ ಸಂಜೆ ಬರುವಾಗ ಅಕ್ರಿಲಿಕ್ ಬಣ್ಣ ತಂದುಕೊಟ್ಟರು.

ಅಕ್ರಿಲಿಕ್ ಗೃಹಿಣಿಯರಿಗೆ ಹೇಳಿ ಮಾಡಿಸಿದ ಬಣ್ಣ. ಎಣ್ಣೆಬಣ್ಣದ ಹಾಗೆ ಟರ್ಪೆಂಟೈನ್ ವಾಸನೆಯಿಲ್ಲ. ನೀರಿನಲ್ಲೇ ಕಲಸಬಹುದು, ಕುಂಚವನ್ನೂ ನೀರಿನಲ್ಲೇ ತೊಳೆಯಬಹುದು. 1950ರ ದಶಕದಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದಂತೆ. ಬಣ್ಣದ ಪುಡಿಯನ್ನು ಒಂದು ಬಗೆಯ ಪ್ಲಾಸ್ಟಿಕ್ ಅಂಟಿನಲ್ಲಿ ಕಲಸಿರುವುದರಿಂದ ಬೇಗ ಒಣಗುತ್ತದೆ, ಒಣಗಿದ ಮೇಲೆ ನೀರು ಬಿದ್ದರೂ ಕರಗುವುದಿಲ್ಲ. ಸೀರೆಗೆ ತಾಗಿ ಒಣಗಿದರೂ ಅಷ್ಟೇ, ಹಳೆ ಸೀರೆ ಉಟ್ಟುಕೊಂಡೇ ಕುಳಿತುಕೊಳ್ಳಿ! ಬಿಳಿ, ಅಲ್ಟ್ರಾಮರೀನ್ ನೀಲಿ, ಹಳದಿ ಓಕರ್, ಕ್ರಿಮ್ಸನ್ ಕೆಂಪು, ಇಟ್ಟಿಗೆ ಬಣ್ಣದ ಬರ್ನ್ಟ್ ಸಿಯೆನ್ನಾ, ಈ ಐದು ಟ್ಯೂಬು ಸಾಕು.

ಏಪ್ರಿಲ್ ತಿಂಗಳಲ್ಲಿ ಮೊದಲ ಚಿತ್ರ. ಅಂಗಳದಾಚೆ ಹಲಸಿನ ಮರದ ನೆರಳಿನಲ್ಲಿ ಕುಳಿತೆ. ಹಪ್ಪಳ ಒಣಗಿಸುವವರಿಗೆ ಆ ಬಿಸಿಲು ಚಿನ್ನದಂಥದು. ನನ್ನ ಬಣ್ಣವಾದರೋ ತಟ್ಟೆಯಲ್ಲೇ ಒಣಗಿ ಕಲ್ಲಾಯಿತು. ಮಾರನೆಯ ಸಲ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಬಣ್ಣ ಹಾಕಿಕೊಂಡೆ. ಎರಡು ಗಂಟೆ ಹಸಿಯಾಗಿಯೇ ಇತ್ತು. ಮಾಡನ್ನು ನೋಡಿದರೆ ಕೆಂಪು ಎಲ್ಲಿದೆ? ಧೂಳು ಕುಳಿತು, ಬಿಸಿಲಿಗೆ ಬಿಳಿಚಿಕೊಂಡು, ಬೂದಿಗೆ ಚೂರು ಕುಂಕುಮ ಕಲಸಿದ ಹಾಗಿತ್ತು. ಬಿಳಿ ಮತ್ತು ಓಕರ್ ಟ್ಯೂಬುಗಳೇ ಹೆಚ್ಚು ಖರ್ಚಾದವು.

ನಮ್ಮ ಜೆಪ್ಪುವಿಗೂ ಹಂಚಿಗೂ ಹಳೆಯ ನಂಟು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ದಂಡೆಯ ಈ ಕಡೆಯಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿದ್ದು. ಹೊಳೆಬದಿಯ ಆವೆಮಣ್ಣಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸುಟ್ಟಾಗ ಕೆಂಪು ಬರುತ್ತದೆ. ಆ ಮೇಲೆ ಅದಕ್ಕೆ ಬಣ್ಣ ಹಚ್ಚುವುದು ಮಳೆ, ಬಿಸಿಲು, ಪಾಚಿ.

ಎರಡನೆಯದು ಆಟಿ ತಿಂಗಳಲ್ಲಿ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುತ್ತದೆ. ಹಳೆ ಕೊಟ್ಟಿಗೆಯಲ್ಲಿ ಕುಳಿತು ನೋಡಿದರೆ ಮಾಡು ಕಪ್ಪೋ ಕಪ್ಪು, ನಡುನಡುವೆ ಪಾಚಿಯ ಹಸಿರು. ನನ್ನಲ್ಲಿ ಕಪ್ಪು ಟ್ಯೂಬೇ ಇಲ್ಲ! ನೀಲಿಗೆ ಬರ್ನ್ಟ್ ಸಿಯೆನ್ನಾ ಕಲಸಿ ನೋಡಿ, ಒದ್ದೆ ಹಂಚಿನದೇ ಕಪ್ಪು ಬರುತ್ತದೆ. ಆದರೆ ಆಟಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬಣ್ಣ ಒಣಗುತ್ತದೆಯೇ? ಮೇಲೆ ಮುಟ್ಟಿದರೆ ಒಣಗಿದ ಹಾಗಿತ್ತು. ಕದ್ರಿಯ ನಮ್ಮ ಮನೆಗೆ ತಂದು, ಏಪ್ರಿಲಿನ ಚಿತ್ರವನ್ನು ಅದರ ಮೇಲಿಟ್ಟು ಕಪಾಟಿನಲ್ಲಿ ಸೇರಿಸಿದೆ. ವಾರ ಬಿಟ್ಟು ತೆಗೆದರೆ ಎರಡೂ ಅಂಟಿಕೊಂಡಿವೆ! ಮೆಲ್ಲಗೆ ಬಿಡಿಸಿದರೂ ಆಟಿಯ ಮಾಡಿನಿಂದ ಅಂಗೈ ಅರ್ಧದಷ್ಟು ಬಣ್ಣ ಕಿತ್ತು ಬಂತು, ಒಳಗಿನ ಬಿಳಿ ಕಾಣಿಸಿತು. ಅತ್ತೇಬಿಟ್ಟೆ. ಮುಂದಿನ ಆಟಿಗೆ ಆ ಮಾಡು ಇರುವುದಿಲ್ಲವಲ್ಲ. ತೇಪೆ ಹಚ್ಚಲು ಕೈ ಬರಲಿಲ್ಲ.

ಬೇಸರ ಕಳೆಯಲಿ ಎಂದು ನಮ್ಮವರು ಒಂದು ಭಾನುವಾರ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ಲಿಗೆ ಕರೆದುಕೊಂಡು ಹೋದರು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಅಲ್ಲಿಯ ಗೋಡೆ, ಮಾಡುಗಳ ಮೇಲೆಲ್ಲ ಚಿತ್ರ ಬರೆದರು. ಗೋಡೆಚಿತ್ರಗಳನ್ನು ಹಸಿ ಗಾರೆ ಒಣಗುವ ಮೊದಲೇ ಬರೆದು ಮುಗಿಸಬೇಕಂತೆ. ಅಷ್ಟು ದೊಡ್ಡವರಿಗೂ ಒಣಗುವ ಚಿಂತೆಯೇ ಎಂದು ಯೋಚಿಸಿದಾಗ ನನಗೆ ತುಸು ಧೈರ್ಯ ಬಂತು.

ಮೂರನೆಯದು ಸೋಣ ತಿಂಗಳಲ್ಲಿ. ಒಂದು ಗಳಿಗೆ ಮಳೆ, ಒಂದು ಗಳಿಗೆ ಬಿಸಿಲು. ಮಳೆ ನಿಂತು ಬಿಸಿಲು ಬಿದ್ದ ಹೊತ್ತಿನಲ್ಲಿ, ಪಾಚಿಯಿಲ್ಲದ ಕಡೆ, ಕೊನೆಗೂ ಆ ಕೆಂಪು ಕಾಣಿಸಿತು. ಅರ್ಧ ಗಂಟೆ ಇತ್ತೋ ಇಲ್ಲವೋ. ನಾಲ್ಕನೆಯದು ಡಿಸೆಂಬರಿನ ಬೆಳಿಗ್ಗೆ. ಪಾಚಿ ಒಣಗಿ ಕಂದಾಗಿತ್ತು, ಓರೆ ಬಿಸಿಲಿಗೆ ಹಂಚು ಕಿತ್ತಳೆ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಅಮ್ಮ ಬಾವಿಕಟ್ಟೆಯ ಹತ್ತಿರ ನಿಂತು, "ಚಾ ತಣಿಯಿತು ಮಾರಾಯ್ತಿ, ಕುಡಿ ಮೊದಲು" ಎಂದು ಎರಡು ಸಲ ಕರೆದಳು.

ಫೆಬ್ರವರಿಯಲ್ಲಿ ಹಂಚುಗಳನ್ನು ಒಂದೊಂದಾಗಿ ಇಳಿಸಿ ಅಟ್ಟಿ ಹಾಕಿದರು. ನಾನು ನೋಡಲು ಹೋಗಲಿಲ್ಲ.

ನಾಲ್ಕೂ ಚಿತ್ರಗಳು ಈಗ ಅಣ್ಣನ ಫ್ಲ್ಯಾಟಿನಲ್ಲಿ, ಅಮ್ಮನ ಮಂಚದ ಎದುರಿಗೆ ಇವೆ. ತೂಗುಹಾಕಿದ ದಿನ ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದಳು. ಆಟಿಯ ಚಿತ್ರದ ಮುಂದೆ ತುಂಬ ಹೊತ್ತು ನಿಂತಳು. ಬಣ್ಣ ಕಿತ್ತುಹೋದ ಜಾಗದ ಮೇಲೆ ಬೆರಳಿಟ್ಟು, "ಅಡುಗೆಮನೆಯ ಮೇಲಿನ ಗಾಜಿನ ಹಂಚನ್ನು ಮರೆಯಲಿಲ್ಲ ಅಲ್ಲವಾ ನೀನು! ಆಟಿಯ ಕತ್ತಲೆಯಲ್ಲಿ ನನಗೆ ಅದರದ್ದೇ ಬೆಳಕು" ಎಂದಳು.

ನಿಜ ಹೇಳಲೇ? ಗಾಜಿನ ಹಂಚನ್ನು ನಾನು ಮರೆತೇಬಿಟ್ಟಿದ್ದೆ. "ಹೌದಮ್ಮಾ" ಎಂದು ಸುಮ್ಮನಾದೆ.

ನಿಮ್ಮ ಊರಿನಲ್ಲೂ ಒಂದು ಮನೆಯೋ, ಕೆರೆಯೋ, ಮರವೋ ಇದ್ದೇ ಇರುತ್ತದೆ. ಒಂದೇ ಜಾಗದಲ್ಲಿ ಕುಳಿತು, ವರ್ಷದಲ್ಲಿ ನಾಲ್ಕು ಸಲ ಬರೆಯಿರಿ. ಚಂದ ಬರಲಿ, ಬಾರದಿರಲಿ. ಕುಂಚವನ್ನು ಒಣಗಲು ಬಿಡಬೇಡಿ, ಮಳೆಗಾಲದಲ್ಲಿ ಚಿತ್ರದ ಮೇಲೆ ಚಿತ್ರ ಇಡಬೇಡಿ. ಕೈ ಪಳಗಲಿ, ಮುಂದಿನ ವರ್ಷ ನೋಡುವ ಎಂದು ಮಾತ್ರ ಕಾಯಬೇಡಿ. ಈ ತಿಂಗಳೇ ಶುರು ಮಾಡಿ.