ತುಂಗೆ-ಭದ್ರೆಯರ ನಡುವೆ ಒಂದು ಹಳೆಯ ಸೈಕಲ್ಲು

ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ತುಂಗಾ ಭದ್ರಾ ನದಿಗಳು ಬೇರೆ ಬೇರೆ ದಾರಿ ಹಿಡಿದು ಹರಿದು, ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಮತ್ತೆ ಒಂದಾಗುತ್ತವೆಂಬುದನ್ನು ಓದುಗರು ಬಲ್ಲರು. ತುಂಗೆಯ ದಡದಲ್ಲಿ ಶೃಂಗೇರಿಯಿದೆ. ಭದ್ರಾ ಜಲಾಶಯದ ಹಿನ್ನೀರಿನ ಬದಿಯಲ್ಲಿ ನರಸಿಂಹರಾಜಪುರವಿದೆ. ಇವೆರಡರ ನಡುವೆ ಗುಡ್ಡಗಳ ಮಡಿಲಲ್ಲಿ ಕೊಪ್ಪವಿದೆ. ಅಡಕೆಯ ತೋಟ, ಗದ್ದೆಯ ಬಯಲು, ಕಾಫಿಯ ಗಿಡ, ಅದರ ಮೇಲೆ ಕಾಡು ಎಂಬ ಕ್ರಮದಲ್ಲಿ ಏರುತ್ತ ಇಳಿಯುತ್ತ ಸಾಗುವ ಈ ಸೀಮೆಯಲ್ಲಿ ಸಮತಟ್ಟಾದ ದಾರಿಯೆಂಬುದು ದುರ್ಲಭ. ಬಯಲುಸೀಮೆಯವನು ಸೈಕಲ್ಲನ್ನು ಏರಿ ಹೋಗುತ್ತಾನೆ. ಮಲೆನಾಡಿನವನು ಅರ್ಧ ದಾರಿ ಏರಿ, ಅರ್ಧ ದಾರಿ ನೂಕಿ, ಹಳ್ಳ ಬಂದಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಸಂಕ ದಾಟುತ್ತಿದ್ದನು. ಇಷ್ಟು ತೊಂದರೆಪಟ್ಟೂ ಅವನು ಸೈಕಲ್ಲನ್ನು ಬಿಡಲಿಲ್ಲವೆಂದರೆ, ಅದರಿಂದ ಅವನಿಗೆ ಆಗುತ್ತಿದ್ದ ಉಪಕಾರ ಎಷ್ಟೆಂಬುದನ್ನು ಊಹಿಸಬಹುದು.

ಕಳೆದ ಬೇಸಗೆಯಲ್ಲಿ ನಾವು ಈ ಮೂರು ಊರುಗಳನ್ನು ಸುತ್ತಿದ್ದು ಕ್ಷೇತ್ರದರ್ಶನಕ್ಕಾಗಿ ಅಲ್ಲ, ಇಂತಹ ಒಂದು ಸೈಕಲ್ಲಿನ ಜೀರ್ಣೋದ್ಧಾರಕ್ಕಾಗಿ. ಕೊಪ್ಪದ ಹತ್ತಿರದ ಹಳ್ಳಿಯೊಂದರಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಮನೆಯೊಂದುಂಟು. ಆ ಮನೆಯ ಹಿರಿಯರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ಲಿಂಗೈಕ್ಯರಾದವರು. ಅವರ ಸೈಕಲ್ಲು ಅಟ್ಟದ ಮೇಲೆ ಅಡಕೆಯ ಚೀಲಗಳ ಹಿಂದೆ ಇತ್ತು. ದೂರದೂರಿನ ವ್ಯಾಪಾರಿಯೊಬ್ಬನು ಅದನ್ನು ಕಂಡು ಒಳ್ಳೆಯ ಬೆಲೆ ಹೇಳಿದ್ದನು. ಅದಕ್ಕೆ ಬಣ್ಣ ಬಳಿದು ವಿಹಾರಧಾಮವೊಂದರ ಅಂಗಳದಲ್ಲಿ ಅಲಂಕಾರಕ್ಕೆ ನಿಲ್ಲಿಸುವುದು ಅವನ ಉದ್ದೇಶವಾಗಿತ್ತು. ಆ ಹಣ ಬಂದರೆ ಮೊಮ್ಮಗನ ಕಾಲೇಜಿನ ಒಂದು ವರ್ಷದ ಖರ್ಚು ನೀಗುತ್ತಿತ್ತು. ಮಗ ಮಾರಬೇಕೆಂದನು, ಮೊಮ್ಮಗನು ತಾನೇ ಹೊಸದರಂತೆ ಮಾಡಿ ಓಡಿಸುವೆನೆಂದನು. ಅಜ್ಜಿ ಮಾತ್ರ, “ಗುರುಗಳೇ, ಯಜಮಾನರು ಇದನ್ನು ಒಂದು ದಿನ ಮಳೆಯಲ್ಲಿ ನೆನೆಯಲು ಬಿಟ್ಟವರಲ್ಲ. ಹೋಟೆಲಿನ ಅಂಗಳದಲ್ಲಿ ಹೂವಿನ ಕುಂಡ ಹೊರಲಿ ಅಂತ ಕೊಡೋದೇ?” ಎಂದರು. ತೀರ್ಪು ನಮ್ಮ ಪಾಲಿಗೆ ಬಂದಿತು. ಓಲೆಗರಿಗಳ ನಡುವೆ ಆಯುಷ್ಯ ಕಳೆದ ನಮಗೆ ಹಳೆಯ ವಸ್ತುವಿನ ವಿಷಯದಲ್ಲಿ ತಿಳಿದಿರುವುದು ಒಂದೇ ಮಾತು: ಮೊದಲು ಓದಬೇಕು, ಆಮೇಲೆ ಕೈ ಹಚ್ಚಬೇಕು.

ಆದ್ದರಿಂದ ಮೊದಲು ಸೈಕಲ್ಲನ್ನು ಓದಿದೆವು. ಹ್ಯಾಂಡಲಿನ ಕೆಳಗಿನ ಹಿತ್ತಾಳೆಯ ಲಾಂಛನದಲ್ಲಿ ಕೊಕ್ಕರೆಯ ತಲೆಯೂ ‘ರ‍್ಯಾಲಿ, ನಾಟಿಂಗ್‌ಹ್ಯಾಮ್, ಇಂಗ್ಲೆಂಡ್’ ಎಂಬ ಅಕ್ಷರಗಳೂ ಇದ್ದವು. ಪೆಡಲಿನ ದೊಡ್ಡ ಹಲ್ಲುಚಕ್ರದಲ್ಲಿಯೂ ಅದೇ ಕೊಕ್ಕರೆಯ ಆಕೃತಿ. ಫ್ರಾಂಕ್ ಬೌಡೆನ್ ಎಂಬವರು ನಾಟಿಂಗ್‌ಹ್ಯಾಮಿನ ರ‍್ಯಾಲಿ ಬೀದಿಯ ಪುಟ್ಟ ಕಾರ್ಯಾಗಾರವನ್ನು ಕೊಂಡು ಈ ಸಂಸ್ಥೆಯನ್ನು ಬೆಳೆಸಲು ತೊಡಗಿದ್ದು 1888ರಲ್ಲಿ. ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ ಗಾಳಿ ತುಂಬಿದ ಟೈರಿಗೆ ಹಕ್ಕುಪತ್ರ ಪಡೆದುದೂ ಅದೇ ವರ್ಷ. ಮುಂದೆ ನಮ್ಮ ದೇಶದಲ್ಲಿಯೇ ಅಸನ್ಸೋಲಿನ ಸೇನ್-ರ‍್ಯಾಲಿ, ಮದರಾಸಿನ ಅಂಬತ್ತೂರಿನ ಹರ್ಕ್ಯುಲಿಸ್, ಸೋನಿಪತ್ತಿನ ಅಟ್ಲಾಸ್, ಲೂಧಿಯಾನದ ಹೀರೋ ಸೈಕಲ್ಲುಗಳು ತಯಾರಾಗಿ ಹಳ್ಳಿಹಳ್ಳಿಗೂ ತಲುಪಿದವು. ಆದರೆ ಇದು ಅವುಗಳಿಗಿಂತ ಭಿನ್ನವಾಗಿತ್ತು. ಹಿಂದಿನ ಚಕ್ರದ ಹಬ್ಬಿನ ಮೇಲೆ ‘ಸ್ಟರ್ಮಿ-ಆರ್ಚರ್’ ಎಂಬ ಹೆಸರೂ, ಅದರ ಬಳಿ 54 ಮತ್ತು 3 ಎಂಬ ಅಂಕೆಗಳೂ ಒತ್ತಲ್ಪಟ್ಟಿದ್ದವು. ಆ ಹಬ್ಬು ತಯಾರಾದುದು 1954ರ ಮಾರ್ಚ್ ತಿಂಗಳಲ್ಲೆಂದು ಇದರ ಅರ್ಥ. ಓಲೆಗ್ರಂಥದ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ತಿಥಿಗಳನ್ನು ಬರೆದಿಡುವಂತೆ ಯಂತ್ರಕಾರನೂ ತನ್ನ ಕಾಲವನ್ನು ಬರೆದಿಟ್ಟಿದ್ದನು.

ಈ ಹಬ್ಬಿನೊಳಗೆ ಮೂರು ಗೇರುಗಳಿವೆ. ನಡುವೆ ಅಲುಗದಂತೆ ನಿಂತ 20 ಹಲ್ಲುಗಳ ಒಂದು ಗಾಲಿ, ಅದನ್ನು ಸುತ್ತುವ ಪುಟ್ಟ ಗಾಲಿಗಳು, ಅವುಗಳನ್ನು ಆವರಿಸಿದ 60 ಹಲ್ಲುಗಳ ಬಳೆ. ಸೂರ್ಯನನ್ನು ಗ್ರಹಗಳು ಸುತ್ತುವಂತೆ ಇದರ ರಚನೆ. ಉಬ್ಬು ಬಂದಾಗ ಸನ್ನೆ ಬದಲಿಸಿದರೆ ಚಕ್ರವು ಚೈನಿನ ಹಲ್ಲುಗಾಲಿಯ ಮುಕ್ಕಾಲು ಪಾಲು ವೇಗದಲ್ಲಿ ಮಾತ್ರ ತಿರುಗಿ ಕಾಲಿನ ಶ್ರಮ ಇಳಿಯುತ್ತದೆ. ಇಳಿಜಾರಿನಲ್ಲಿ ಅದು ಹಲ್ಲುಗಾಲಿಗಿಂತ ಮೂರನೆಯ ಒಂದು ಪಾಲು ಹೆಚ್ಚು ವೇಗವಾಗಿ ಓಡುತ್ತದೆ. ಮಲೆನಾಡಿನ ಮೇಷ್ಟ್ರು ಹೆಚ್ಚು ಹಣ ತೆತ್ತು ಇದನ್ನೇ ಆರಿಸಿಕೊಂಡುದು ಶೋಕಿಗಲ್ಲ, ಉಬ್ಬಿಗಾಗಿ ಎಂಬುದು ನಮಗೆ ಸ್ಪಷ್ಟವಾಯಿತು. ಅಮೆರಿಕದಲ್ಲಿ 1933ರಿಂದ ಶ್ವಿನ್ ಸಂಸ್ಥೆಯವರು ದಪ್ಪ ಟೈರಿನ ಸೈಕಲ್ಲುಗಳನ್ನು ಹುಡುಗರ ಮನಸ್ಸನ್ನು ಸೆಳೆಯಲೆಂದು ಮೋಟಾರು ಸೈಕಲ್ಲಿನ ಠೀವಿಯಲ್ಲಿ ಮಾಡಿದರು. ಇಂದು ಕ್ರೂಸರ್ ಎಂದು ಕರೆದು ಹವ್ಯಾಸಿಗಳು ದುರಸ್ತಿ ಮಾಡುವುದು ಬಹುಮಟ್ಟಿಗೆ ಅವುಗಳನ್ನೇ. ನಮ್ಮ ಹಳೆಯ ಸೈಕಲ್ಲಿಗೆ ಆ ಬೆಡಗಿಲ್ಲ. ಅದು ದುಡಿಮೆಗೆ ಹುಟ್ಟಿದ್ದು.

ಬಿಚ್ಚುವ ಕೆಲಸ ಕೊಪ್ಪದಲ್ಲಿ ನಡೆಯಿತು. ಪೆಡಲಿನ ತೋಳುಗಳನ್ನು ಹಿಡಿದಿರುವ ಕಾಟರ್ ಪಿನ್ನುಗಳನ್ನು ಸುತ್ತಿಗೆಯಿಂದ ಬಡಿದರೆ ಅವು ಮುದುಡಿಕೊಂಡು ಎಂದಿಗೂ ಹೊರಬಾರವು. ಸೀಮೆಎಣ್ಣೆಯಲ್ಲಿ ಮೂರು ದಿನ ನೆನೆಯಿಸಿ, ಕೆಳಗೆ ಆಧಾರ ಕೊಟ್ಟು, ಒತ್ತಿ ತೆಗೆಯಬೇಕು. ನಡುವಿನ ಅಚ್ಚಿನ ಕಪ್ಪು ಸವೆದಿತ್ತು. ಪೇಟೆಯಲ್ಲಿ ತಂದ ಕಪ್ಪು ಕೂಡಲಿಲ್ಲ. ಏಕೆಂದರೆ ಇತರ ಇಂಗ್ಲಿಷ್ ಸೈಕಲ್ಲುಗಳಲ್ಲಿ ಅಂಗುಲಕ್ಕೆ 24 ಮರೆಗಳಿದ್ದರೆ, ರ‍್ಯಾಲಿಯವರು ತಮ್ಮದೇ ಆದ 26 ಮರೆಗಳ ಕ್ರಮವನ್ನು ಇಟ್ಟುಕೊಂಡಿದ್ದರು. ಹಿಂದೆ ಬಸ್ಸುಗಳ ಕೆಲಸ ಮಾಡಿದ್ದ ಒಬ್ಬ ಲೇತಿನ ಕುಶಲಿ ಹಳೆಯ ಕಪ್ಪಿನ ಒಳಮೈಯನ್ನೇ ನಯಗೊಳಿಸಿ ಕೊಟ್ಟರು. ಸೈಕಲ್ಲು ಅಟ್ಟ ಸೇರಿದ ಕಥೆಯನ್ನೂ ಅವರೇ ಹೇಳಿದರು: ಮೂಲೆಮೂಲೆಗೂ ಬಸ್ಸು ಬಂದಿತು, ಸೈಕಲ್ಲು ಮೇಲೇರಿತು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಈ ಸೀಮೆಯ ಮನೆಮಾತಾಗಿದ್ದವು. 2020ರಲ್ಲಿ ಅವೂ ನಿಂತವು. ಒಂದು ವಾಹನ ನಿಂತರೆ ಅದರೊಡನೆ ಅದನ್ನು ಬಲ್ಲ ಕೈಗಳೂ ಚದುರುತ್ತವೆಂದು ಅವರು ನಿಟ್ಟುಸಿರಿಟ್ಟರು.

ಟೈರನ್ನು ಅರಸಿ ತುಂಗೆಯ ಗುಂಟ ಹರಿಹರಪುರದ ಮೇಲೆ ಶೃಂಗೇರಿಗೆ ಹೋದೆವು. ಹಿಂದೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಕೊಡುತ್ತಿದ್ದ ಅಂಗಡಿಯೊಂದರಲ್ಲಿ 28 ಅಂಗುಲಕ್ಕೆ ಒಂದೂವರೆ ಅಂಗುಲದ ಟೈರು ಸುಲಭವಾಗಿ ದೊರೆಯಿತು. ಇಂಗ್ಲೆಂಡಿನಲ್ಲಿ ಅಪರೂಪವಾದ ಈ ಅಳತೆ ನಮ್ಮ ದೇಶದಲ್ಲಿ ಇನ್ನೂ ತಯಾರಾಗುತ್ತಿದೆ. ಹಾಲು, ಗ್ಯಾಸು, ಸೊಪ್ಪು ಹೊರುವ ಸೈಕಲ್ಲುಗಳು ನಮ್ಮಲ್ಲಿ ಇರುವುದೇ ಇದಕ್ಕೆ ಕಾರಣ. ಅಲ್ಲಿಂದ ಹದಿನಾಲ್ಕನೆಯ ಶತಮಾನದ ವಿದ್ಯಾಶಂಕರ ದೇವಾಲಯಕ್ಕೆ ಹೋದಾಗ ಹುಡುಗನು ಕಂಬದ ಸಿಂಹದ ಬಾಯೊಳಗೆ ಬೆರಳಿಟ್ಟು ಕಲ್ಲಿನ ಗುಂಡನ್ನು ತಿರುಗಿಸಿದನು. ಆ ಗುಂಡು ಉರುಳುತ್ತದೆ, ಆದರೆ ಹೊರಗೆ ಬಾರದು. “ಹಬ್ಬಿನ ಬಾಲ್ಸಿನ ಹಾಗೇ ಇದೆ ಗುರುಗಳೇ” ಎಂದನು. ನಾವು ನಕ್ಕೆವು, ಆದರೆ ಅವನ ಮಾತು ನಿಜವಾಗಿತ್ತು. ಬಿಗಿಯಾದರೆ ತಿರುಗದು, ಸಡಿಲವಾದರೆ ನಿಲ್ಲದು. ಎರಡರ ನಡುವಣ ಹದವನ್ನು ಶಿಲ್ಪಿಯೂ ಬಲ್ಲನು, ಸೈಕಲ್ಲಿನ ಮೇಸ್ತ್ರಿಯೂ ಬಲ್ಲನು.

ಅಂತಹ ಮೇಸ್ತ್ರಿಯನ್ನು ಕಂಡುದು ನರಸಿಂಹರಾಜಪುರದಲ್ಲಿ. ಎಡೆಹಳ್ಳಿಯೆಂಬ ಹಳೆಯ ಹೆಸರಿನ ಈ ಊರಿಗೆ ಒಂದು ಕಾಲದಲ್ಲಿ ತರೀಕೆರೆಯಿಂದ ಕಿರಿದಾದ ಹಳಿಯ ಪುಟ್ಟ ರೈಲು ಬರುತ್ತಿತ್ತು. ಇಲ್ಲಿ ನೆಲ ಶೃಂಗೇರಿಯಷ್ಟು ಕಡಿದಲ್ಲ. ಸೈಕಲ್ಲಿನ ಅಂಗಡಿ ಉಳಿದುದಕ್ಕೆ ಅದೂ ಒಂದು ಕಾರಣವಿದ್ದೀತು. ಎಪ್ಪತ್ತು ದಾಟಿದ ಆ ಹಿರಿಯರು ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳನ್ನು ಹೆಣೆದು ಬೆಂಡು ತೆಗೆಯುತ್ತ, ಒಂದೊಂದು ಕಡ್ಡಿಯನ್ನೂ ಬೆರಳಿನಿಂದ ಮೀಟಿ ನಾದ ಕೇಳುತ್ತಿದ್ದರು. “ಚಕ್ರ ಕಣ್ಣಿಗೆ ಸರಿಯಾದರೆ ಸಾಲದು ಸ್ವಾಮಿ, ಕಿವಿಗೂ ಸರಿಯಾಗಬೇಕು” ಎಂದರು. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ, ಅಂಗಡಿಗೆ ಉತ್ತರಾಧಿಕಾರಿಯಿಲ್ಲ. ಮುಂದಿನ ಮಳೆಗಾಲ ಕಳೆದ ಮೇಲೆ ಬಾಗಿಲು ಹಾಕುವುದಾಗಿ ಹೇಳಿದರು. ಒಂದು ಭಂಡಾರದ ಓಲೆಗಳೆಲ್ಲ ಹುಳು ಹಿಡಿಯುತ್ತಿವೆಯೆಂಬ ಸುದ್ದಿ ಕೇಳಿದಾಗ ಆಗುವ ವ್ಯಥೆಯೇ ನಮಗಾಯಿತು. ಈ ವಿದ್ಯೆಗೆ ಗ್ರಂಥವಿಲ್ಲ. ಅದು ಇರುವುದು ಆ ಬೆರಳಿನಲ್ಲಿ. ನಾವು ಹುಡುಗನನ್ನು ನಾಲ್ಕು ದಿನ ಅವರ ಬಳಿಯೇ ಬಿಟ್ಟೆವು. ಮೂರನೆಯ ದಿನ ಅವನೇ ಕಟ್ಟಿದ ಚಕ್ರವನ್ನು ಅವರು ಎರಡು ಸಲ ಬಿಚ್ಚಿಸಿದರು, ನಾಲ್ಕನೆಯ ದಿನ ಒಪ್ಪಿದರು.

ಉಳಿದುದು ಬಣ್ಣದ ಪ್ರಶ್ನೆ. ಹುಡುಗನಿಗೆ ಮಿರುಗುವ ಕಪ್ಪು ಬಣ್ಣ ಹಾಕಿಸುವ ಆಸೆಯಿತ್ತು. ನಾವು ಚೌಕಟ್ಟಿನ ಮೇಲ್ಗೊಳವೆಯನ್ನು ತೋರಿಸಿದೆವು. ಅಲ್ಲಿ ಒಂದು ಗೇಣಿನಷ್ಟು ಬಣ್ಣ ಸವೆದಿತ್ತು. ಅದು ಅವನ ತಂದೆ ಬಾಲಕನಾಗಿ ಕುಳಿತು ಶಾಲೆಗೆ ಹೋಗುತ್ತಿದ್ದ ಜಾಗ. ಚೈನ್ ಕವರಿನ ಮೇಲೆ ಮೇಷ್ಟ್ರ ಹೆಸರು ಅವರದೇ ಅಕ್ಷರದಲ್ಲಿತ್ತು. ಓಲೆಯಲ್ಲಿ ಹುಳು ತಿಂದ ಅಕ್ಷರವಿದ್ದರೆ ಸಂಪಾದಕನು ಆ ಜಾಗವನ್ನು ತೆರವಾಗಿ ತೋರಿಸಬೇಕೇ ಹೊರತು, ತನ್ನ ಊಹೆಯನ್ನು ಮೂಲವೆಂದು ತುಂಬಬಾರದು; ಇದ್ದ ಅಕ್ಷರವನ್ನಂತೂ ಅಳಿಸಲೇಬಾರದು. ಓಲೆ ಮುರಿಯದಿರಲೆಂದು ಎಣ್ಣೆ ಸವರುವುದು ಬೇರೆ, ಹೊಸ ಓಲೆ ಬರೆದು ಹಳೆಯದೆನ್ನುವುದು ಬೇರೆ. ಆದ್ದರಿಂದ ಬ್ರೇಕಿನ ಕಟ್ಟೆ, ಟೈರು, ಟ್ಯೂಬು, ಚೈನು ಇವು ಪ್ರಾಣಕ್ಕೆ ಸಂಬಂಧಿಸಿದವು, ಹೊಸದಾದವು. ತುಕ್ಕನ್ನು ಉಜ್ಜಿ ಎಣ್ಣೆ ಸವರಿದೆವು. ಚರ್ಮದ ಸೀಟಿನ ಬೂಷ್ಟನ್ನು ಒರೆಸಿ ನೆರಳಿನಲ್ಲಿ ಒಣಗಿಸಿ ಮೇಣ ತಿಕ್ಕಿದೆವು. ಹಳೆಯ ಬಣ್ಣವನ್ನು ಮುಟ್ಟಲಿಲ್ಲ. ಸವೆದ ಆ ಗೇಣುದ್ದವನ್ನು ಅಜ್ಜಿ ಕೈಯಿಂದ ಸವರಿ ಏನೂ ನುಡಿಯದೆ ಒಳಗೆ ಹೋದರು. ಮಾರುವ ಮಾತನ್ನು ಮಗನು ಮತ್ತೆ ಎತ್ತಲಿಲ್ಲ. ಕಾಲೇಜಿನ ಹಣಕ್ಕೆ ಆ ಮನೆಯವರು ಅಡಕೆಯನ್ನೇ ನೆಚ್ಚಿಕೊಂಡರು.

ನಮ್ಮ ಓದುಗರ ಮನೆಗಳಲ್ಲಿಯೂ ಅಟ್ಟ, ಕೊಟ್ಟಿಗೆಗಳ ಮೂಲೆಯಲ್ಲಿ ಇಂತಹ ಸೈಕಲ್ಲುಗಳಿರಬಹುದು. ಹಿರಿಯರವು ಇಲ್ಲದಿದ್ದರೂ, ರಾಜ್ಯ ಸರ್ಕಾರವು 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳಾದರೂ ಇದ್ದಾವು. ಅವುಗಳನ್ನು ಗುಜರಿಗೆ ಹಾಕುವ ಮುನ್ನ ಒಂದು ರಜೆಯ ವಾರ ಮಕ್ಕಳ ಕೈಗೆ ಕೊಡಿರಿ. ಊರಿನಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಉಳಿದಿದ್ದರೆ ಅವರ ಅಂಗಡಿಯ ಮುಂದೆ ಮಗುವನ್ನು ಕೂರಿಸಿರಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತನ್ನು ನಾವು ಮಕ್ಕಳಿಗೆ ಬಾಯಲ್ಲಿ ಬಹಳ ಕಲಿಸಿದ್ದೇವೆ. ಅದನ್ನು ಕೈಯಿಂದಲೂ ಕಲಿಯಲು ಒಂದು ಸೈಕಲ್ಲು, ಒಂದು ಸ್ಪ್ಯಾನರು, ಸ್ವಲ್ಪ ಸೀಮೆಎಣ್ಣೆ ಸಾಕು. ಮೇಸ್ತ್ರಿಗಳು ಮಾತ್ರ ಬಹಳ ದಿನ ಕಾಯಲಾರರು.