ಪೋಷಕ ಪಾತ್ರ

ಶಾಲೆಯಲ್ಲಿದ್ದಷ್ಟು ಕಾಲವೂ ‘ಪೋಷಕರು’ ಎಂದರೆ ನನಗೆ ಮಕ್ಕಳ ತಂದೆತಾಯಿಯರೇ. ಪ್ರಗತಿಪತ್ರಕ್ಕೆ ಪೋಷಕರ ರುಜು ಬೇಕು, ಪರೀಕ್ಷೆ ಮುಗಿದ ಮೇಲೆ ಪೋಷಕರ ಸಭೆ ಆಗಬೇಕು. ಪತ್ರಿಕೆಗಳಲ್ಲಿ ‘ಪೋಷಕ ನಟ’ ಎಂಬ ಮಾತನ್ನು ಎಷ್ಟೋ ಸಲ ಓದಿದ್ದರೂ ಎರಡು ಕಡೆಯೂ ಇರುವುದು ಒಂದೇ ಪದವೆಂದು ಯೋಚಿಸಿರಲಿಲ್ಲ. ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿ ಒಂದು ಸಂಜೆ ‘ಇನ್ ದ ನೇಮ್ ಆಫ್ ದ ಫಾದರ್’ ಎಂಬ ಚಿತ್ರವನ್ನು ನೋಡಿದಾಗ ಅದು ಹೊಳೆಯಿತು.

1993ರ ಆ ಚಿತ್ರ ನಿಜವಾಗಿ ನಡೆದ ಒಂದು ಅನ್ಯಾಯದ ಕಥೆ. 1974ರಲ್ಲಿ ಇಂಗ್ಲೆಂಡಿನ ಗಿಲ್ಡ್‌ಫರ್ಡ್ ಪಟ್ಟಣದಲ್ಲಿ ಬಾಂಬುಗಳು ಸಿಡಿದವು. ಮಾಡದ ತಪ್ಪಿಗೆ ಬೆಲ್‌ಫಾಸ್ಟಿನ ಗೆರ್ರಿ ಕಾನ್ಲನ್ ಎಂಬ ಯುವಕ ಸೆರೆಯಾದ. ಮಗನಿಗೆ ನೆರವಾಗಲೆಂದು ಲಂಡನ್ನಿಗೆ ಬಂದ ತಂದೆ ಜುಸೆಪ್ಪೆಯನ್ನೂ ಬಂಧಿಸಿದರು. ಆ ತಂದೆ 1980ರಲ್ಲಿ ಕೈದಿಯಾಗಿಯೇ ತೀರಿಕೊಂಡರು. ಮಗನ ಶಿಕ್ಷೆ ರದ್ದಾದದ್ದು 1989ರಲ್ಲಿ. ತಂದೆಯ ಹೆಸರಿಗೆ ಅಂಟಿದ್ದ ಕಳಂಕ ತೊಡೆದುಹೋದದ್ದು 1991ರಲ್ಲಿ. ಚಿತ್ರದಲ್ಲಿ ತಂದೆ ಮಗ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇರಿಸಿದ್ದಾರೆ. ಅದು ಕಥೆಗಾಗಿ ಮಾಡಿಕೊಂಡ ಮಾರ್ಪಾಡು. ಮಗನಾಗಿ ಡೇನಿಯಲ್ ಡೇ-ಲೂಯಿಸ್ ಸಿಡಿಯುತ್ತಾರೆ, ಕೂಗುತ್ತಾರೆ. ತಂದೆಯ ಪಾತ್ರಧಾರಿಯಾದರೋ ಕೆಮ್ಮುತ್ತ, ಸುಮ್ಮನೆ ಮಗನ ಮುಖ ನೋಡುತ್ತ ಇರುತ್ತಾರೆ. ಆದರೂ ಆ ರಾತ್ರಿ ನನ್ನ ನಿದ್ದೆ ಕೆಡಿಸಿದವರು ಈ ಎರಡನೆಯವರೇ.

ಅವರ ಹೆಸರು ಪೀಟ್ ಪೋಸಲ್‌ತ್ವೇಟ್. ಹುಟ್ಟಿದ್ದು 1946ರ ಫೆಬ್ರವರಿ 7ರಂದು, ಇಂಗ್ಲೆಂಡಿನ ವಾರಿಂಗ್‌ಟನ್ನಿನಲ್ಲಿ, ದುಡಿದು ಉಣ್ಣುವ ಕ್ಯಾಥೊಲಿಕ್ ಮನೆತನವೊಂದರಲ್ಲಿ. ಮೊದಲು ಪಾದ್ರಿಯಾಗಬೇಕೆಂದಿದ್ದವರು ಕೊನೆಗೆ ಉಪಾಧ್ಯಾಯ ತರಬೇತಿ ಪಡೆದರು. ಮ್ಯಾಂಚೆಸ್ಟರಿನ ಲೊರೆಟೊ ಕಾಲೇಜಿನಲ್ಲಿ ನಾಟಕದ ಮೇಷ್ಟರಾಗಿದ್ದರು. ಇದನ್ನು ಓದಿದಾಗ ನನಗೆ ಅವರು ನಮ್ಮವರೇ ಎನ್ನಿಸಿತು. ಸಂಬಳ ಬರುತ್ತಿದ್ದ ಆ ಕೆಲಸವನ್ನು ಬಿಟ್ಟು ಬ್ರಿಸ್ಟಲ್ ಓಲ್ಡ್ ವಿಕ್ ನಾಟಕಶಾಲೆಗೆ ವಿದ್ಯಾರ್ಥಿಯಾಗಿ ಸೇರಿದರು. 1970ರ ದಶಕದಲ್ಲಿ ಲಿವರ್‌ಪೂಲಿನ ಎವ್ರಿಮನ್ ರಂಗಮಂದಿರದಲ್ಲಿ ಜೂಲಿ ವಾಲ್ಟರ್ಸ್, ಬಿಲ್ ನೈ ಮೊದಲಾದವರೊಡನೆ ಪಳಗಿದರು. ಆಮೇಲೆ ರಾಯಲ್ ಷೇಕ್ಸ್‌ಪಿಯರ್ ಕಂಪನಿ.

ಉಬ್ಬಿದ ಕೆನ್ನೆಯೆಲುಬು, ಒಳಸೇರಿದ ಕಣ್ಣು, ನಾಲಗೆ ಹೊರಳದ ಹೆಸರು. ಅದನ್ನು ಬದಲಿಸಿಕೊಳ್ಳಿ ಎಂದವರೂ ಇದ್ದರು. ಇಷ್ಟುದ್ದದ ಹೆಸರನ್ನು ನಾಟಕಮಂದಿರದ ಮುಂದೆ ದೀಪಗಳಲ್ಲಿ ಬರೆಯಿಸಿದರೆ ವಿದ್ಯುತ್ತಿನ ಖರ್ಚು ಭರಿಸಲಾಗದಂತೆ! ಪೀಟ್ ಈ ಮಾತನ್ನು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. ಹೆಸರನ್ನೂ ಬದಲಿಸಲಿಲ್ಲ, ಮುಖವನ್ನೂ ಮರೆಮಾಡಲಿಲ್ಲ.

ಅವರ ಪಾತ್ರಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ಅವುಗಳಲ್ಲಿ ಎಷ್ಟೊಂದು ತಂದೆಯರು! 1988ರ ‘ಡಿಸ್ಟಂಟ್ ವಾಯ್ಸಸ್, ಸ್ಟಿಲ್ ಲೈವ್ಸ್’ ಚಿತ್ರದ ತಂದೆ ಹೆಂಡತಿ ಮಕ್ಕಳನ್ನು ಬಡಿಯುವ ಕ್ರೂರಿ. ಐದೇ ವರ್ಷಗಳ ಮೇಲೆ ಅದೇ ಮುಖದಲ್ಲಿ ಜುಸೆಪ್ಪೆಯ ಸೌಮ್ಯತೆ. ಅದಕ್ಕೆ ಅತ್ಯುತ್ತಮ ಪೋಷಕ ನಟನ ಆಸ್ಕರ್‌ಗೆ ನಾಮನಿರ್ದೇಶನ ದೊರೆಯಿತು, ಪ್ರಶಸ್ತಿ ದೊರೆಯಲಿಲ್ಲ. 1996ರ ‘ಬ್ರಾಸ್ಡ್ ಆಫ್’ ಚಿತ್ರದಲ್ಲಿ ಮುಚ್ಚಿಹೋಗಲಿರುವ ಕಲ್ಲಿದ್ದಲ ಗಣಿಯೊಂದರ ಕಾರ್ಮಿಕರ ವಾದ್ಯವೃಂದಕ್ಕೆ ಅವರು ಗುರು. ಗಣಿಯ ದೂಳು ಶ್ವಾಸಕೋಶವನ್ನು ತಿಂದಿದೆ. ಸಂಗೀತವೇ ಎಲ್ಲಕ್ಕಿಂತ ದೊಡ್ಡದೆಂದು ನಂಬಿ ಬಾಳಿದವರು ಕೊನೆಗೆ ಸ್ಪರ್ಧೆಯಲ್ಲಿ ಗೆದ್ದು ನಿಂತಾಗ, ಮನುಷ್ಯರ ಮುಂದೆ ಅದು ದೊಡ್ಡದಲ್ಲವೆಂದು ತುಂಬಿದ ಸಭೆಯೆದುರು ಒಪ್ಪಿಕೊಳ್ಳುತ್ತಾರೆ. ನನ್ನಂಥ ಮೇಷ್ಟರುಗಳು ಎರಡು ಸಲ ನೋಡಬೇಕಾದ ದೃಶ್ಯವದು.

1997ರಲ್ಲಿ ಸ್ಟೀವನ್ ಸ್ಪಿಲ್‌ಬರ್ಗ್ ಅವರ ಎರಡು ಚಿತ್ರಗಳಲ್ಲಿ ಪೀಟ್ ನಟಿಸಿದರು. ಇವರು ಜಗತ್ತಿನಲ್ಲೇ ಅತ್ಯುತ್ತಮ ನಟರೆಂದು ಸ್ಪಿಲ್‌ಬರ್ಗ್ ಹೇಳಿದರೆಂಬ ಸುದ್ದಿ ಎಲ್ಲೆಡೆ ಹರಡಿತು. ಪೀಟ್ ಅದನ್ನೂ ನಗೆಯಾಡಿ ಕಳೆದರು: ತಾನು ಜಗತ್ತಿನಲ್ಲೇ ಅತ್ಯುತ್ತಮನೆಂದು ಇವನು ತಿಳಿದುಕೊಂಡಿದ್ದಾನೆ ಎಂದು ಅವರು ಹೇಳಿರಬೇಕು, ಎಂದರು.

ಹೀಗೆ ಬಹುಪಾಲು ಪಕ್ಕದಲ್ಲಿ ನಿಂತೇ ನಟಿಸಿದವರು 2008ರಲ್ಲಿ ಲಿವರ್‌ಪೂಲಿನ ಅದೇ ಎವ್ರಿಮನ್‌ಗೆ ಹಿಂತಿರುಗಿದರು. ಈ ಸಲ ಲಿಯರ್ ಮಹಾರಾಜನಾಗಿ. ಆಗ ಅವರಿಗೆ 62 ವರ್ಷ. 2010ರ ‘ಇನ್ಸೆಪ್ಷನ್’ ಚಿತ್ರದಲ್ಲಿ ಮತ್ತೆ ತಂದೆ, ಮರಣಶಯ್ಯೆಯಲ್ಲಿ ಮಗನೊಡನೆ ಮಾತಾಡಲಾರದ ಶ್ರೀಮಂತ. 2011ರ ಜನವರಿ 2ರಂದು ಕ್ಯಾನ್ಸರಿನಿಂದ ಪೀಟ್ ತೀರಿಕೊಂಡರು.

ಇಷ್ಟನ್ನೂ ಬರೆಯಲು ಕಾರಣವೊಂದಿದೆ. ನಾನೂ ಶಾಲೆಯಲ್ಲಿ ನಾಟಕ ಆಡಿಸುತ್ತಿದ್ದೆನೆಂಬುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಒಂದು ವರ್ಷ ವಾರ್ಷಿಕೋತ್ಸವಕ್ಕೆ ಹರಿಶ್ಚಂದ್ರನ ಕಥೆಯನ್ನು ಆರಿಸಿದ್ದೆ. ಒಬ್ಬ ಹುಡುಗ ಹರಿಶ್ಚಂದ್ರನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದು ನಿಂತಿದ್ದ. ಕಪ್ಪು ಮೈಬಣ್ಣ, ಮುಖದ ಮೇಲೆ ಸಿಡುಬಿನ ಕಲೆ. ನಾನು ಅವನ ಬಾಯಿಂದ ಒಂದು ಸಾಲನ್ನೂ ಕೇಳಲಿಲ್ಲ. ರಾಜನ ಪಾತ್ರವನ್ನು ಬೆಳ್ಳಗಿದ್ದ ಮತ್ತೊಬ್ಬ ಹುಡುಗನಿಗೆ ಕೊಟ್ಟೆ. ಇವನನ್ನು ಸುಡುಗಾಡಿನ ಒಡೆಯ ವೀರಬಾಹುವಾಗಿ ಮಾಡಿ, “ನಿನಗಾದರೆ ಬಣ್ಣದ ಖರ್ಚೇ ಇಲ್ಲ ಬಿಡೋ” ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ.

ಖರ್ಚಿನ ತಮಾಷೆಯನ್ನು ಪೀಟ್ ತಮ್ಮ ಮೇಲೆ ತಾವೇ ಮಾಡಿಕೊಂಡಿದ್ದರು. ನಾನು ಮಾಡಿದ್ದು, ತಿರುಗಿ ಮಾತಾಡಲಾಗದ ಒಬ್ಬ ಬಾಲಕನ ಮೇಲೆ.

ನಾಟಕದ ದಿನ ವೀರಬಾಹು ರಂಗಕ್ಕೆ ಬಂದು ಮೊದಲ ಮಾತಾಡಿದೊಡನೆ ಗಲಾಟೆ ಮಾಡುತ್ತಿದ್ದ ಚಿಕ್ಕ ಮಕ್ಕಳೂ ಸುಮ್ಮನಾದರು. ಅವನಿದ್ದುದರಿಂದಲೇ ಹರಿಶ್ಚಂದ್ರನ ದುಃಖಕ್ಕೆ ತೂಕ ಬಂತು. ಅಂದರೆ ರಾಜನ ಪಾತ್ರವನ್ನು ಪೋಷಿಸಿದವನು ಅವನು. ಮೇಷ್ಟರಾಗಿ ಅವನಿಗೆ ಪೋಷಕನಾಗಿರಬೇಕಾಗಿದ್ದವನು ನಾನು. ಮುಂದಿನ ವರ್ಷ ಅವನು ನಾಟಕಕ್ಕೆ ಹೆಸರು ಕೊಡಲಿಲ್ಲ. ಏಕೆಂದು ನಾನು ಕೇಳಲೂ ಇಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ಅವನಿಗೇ ತಿಳಿಯುತ್ತದೆ. ಅಪ್ಪಾ, ಅಂದು ನಿನ್ನನ್ನು ನಿಲ್ಲಿಸಿ ಹರಿಶ್ಚಂದ್ರನ ಮಾತುಗಳನ್ನು ಹೇಳಿಸಬೇಕಾಗಿತ್ತು. ಹೇಳಿಸದೆ ತಪ್ಪು ಮಾಡಿದೆ. ನಿಮ್ಮಲ್ಲಿ ಈಗ ಮೇಷ್ಟರಾಗಿರುವವರು, ಮಕ್ಕಳ ಪೋಷಕರಾಗಿರುವವರು ಬಹಳ ಮಂದಿ ಇದ್ದೀರಿ. ಪಾತ್ರ ಹಂಚುವ ಮುನ್ನ ಪ್ರತಿಯೊಂದು ಮಗುವಿನ ಬಾಯಿಂದಲೂ ಒಂದೊಂದು ಸಾಲನ್ನಾದರೂ ಕೇಳಿ. ಈ ಮುದುಕ ಕೇಳಿಕೊಳ್ಳುವುದು ಇಷ್ಟೇ.